ಚಿನ್ನ ತೆಗೆದ ಮೇಲೆ ಉಳಿಯುವ ಪುಡಿ: ಸಯನೈಡ್ ತ್ಯಾಜ್ಯ ಕಡಿಮೆ ಮಾಡುವ, ಶುದ್ಧ ಮಾಡುವ ಕೆಲಸ ಹೆಜ್ಜೆ ಹೆಜ್ಜೆಯಾಗಿ

ಕೆಜಿಎಫ್‌ಗೆ ಹೋದವರಿಗೆ ಆ ದಿಬ್ಬಗಳು ಗೊತ್ತು. ದೂರದಿಂದ ಗುಡ್ಡದ ಹಾಗೆ ಕಾಣುತ್ತವೆ. ಹತ್ತಿರ ಹೋದರೆ ಕಲ್ಲಿಲ್ಲ, ಗಿಡವೂ ಅಷ್ಟಕ್ಕಷ್ಟೆ. ಹಿಟ್ಟಿನಂಥ ಪುಡಿ, ಅದರ ಮೇಲೆ ಮಳೆನೀರು ಕೊರೆದ ಕೊರಕಲು. ಊರಿನವರು ಅವನ್ನು ಸಯನೈಡ್ ದಿಬ್ಬ ಅಂತಲೇ ಕರೆಯುತ್ತಾರೆ. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ದಿಬ್ಬಗಳು ಅಲ್ಲೇ ಉಳಿದವು. ಒಟ್ಟು 13 ದಿಬ್ಬ, ಸುಮಾರು 3.3 ಕೋಟಿ ಟನ್ ಪುಡಿ. ಜೋರು ಗಾಳಿ ಬೀಸುವ ತಿಂಗಳುಗಳಲ್ಲಿ ಅದು ಮನೆಯೊಳಗೆ ಬರುತ್ತದೆ, ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ, ಮಕ್ಕಳ ಎದೆಗೆ ಇಳಿಯುತ್ತದೆ.

ಆ ದಿಬ್ಬ ಕಟ್ಟಿದವರಿಗೆ ಚಿನ್ನ ತೆಗೆಯುವುದು ಚೆನ್ನಾಗಿ ಗೊತ್ತಿತ್ತು. ಉಳಿದ ಪುಡಿಯನ್ನು ಏನು ಮಾಡುವುದು ಅಂತ ಯೋಚಿಸುವ ಕಾಲ ಅದಾಗಿರಲಿಲ್ಲ. ನಮಗೆ ಆ ನೆಪ ಇಲ್ಲ. ಗೊತ್ತಿರುವ ದಾರಿಗಳು ಇವೆ, ಹೆಚ್ಚಿನವು ದೊಡ್ಡ ಖರ್ಚಿನವೂ ಅಲ್ಲ. ನಾನು ಚಿನ್ನದ ಮಿಲ್‌ಗಳಲ್ಲಿ ಪ್ರಾಸೆಸ್ ವಿಭಾಗದಲ್ಲಿ ಕೆಲಸ ಮಾಡಿದವನು. ಅಲ್ಲಿ ಕಲಿತದ್ದನ್ನು, ಈಗ ತಾನೇ ಶಿಫ್ಟ್ ವಹಿಸಿಕೊಂಡ ಹುಡುಗ ಹುಡುಗಿಯರಿಗೆ, ಮಿಲ್ ಪಕ್ಕದ ಊರಿನಲ್ಲಿ ಇದ್ದುಕೊಂಡು ಪ್ರಶ್ನೆ ಕೇಳಬೇಕು ಅನ್ನುವವರಿಗೆ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ

ಒಂದು ಟನ್ ಅದಿರಿನಲ್ಲಿ 3 ಗ್ರಾಂ ಚಿನ್ನ ಇದೆ ಅಂದುಕೊಳ್ಳಿ. ಅದರಲ್ಲಿ ಶೇಕಡ 90 ಕೈಗೆ ಬಂದರೆ 2.7 ಗ್ರಾಂ. ಹಾಗಾದರೆ 8 ಗ್ರಾಂ ಚಿನ್ನಕ್ಕೆ, ಅಂದರೆ ಒಂದು ಸವರನ್ ತೂಕಕ್ಕೆ, ಸುಮಾರು 3 ಟನ್ ಅದಿರು ಅರೆಯಬೇಕು. ಅರೆದದ್ದನ್ನು ಸಯನೈಡ್ ಬೆರೆತ ನೀರಿನಲ್ಲಿ ಕಲಕಿ ಚಿನ್ನ ಕರಗಿಸಿ ತೆಗೆದ ಮೇಲೆ, ಆ 3 ಟನ್ನೂ ಪುಡಿಯಾಗಿ ಆಚೆ ಬರುತ್ತದೆ. ಇದನ್ನೇ ಟೇಲಿಂಗ್ಸ್ ಅನ್ನುತ್ತೇವೆ. ಪುಡಿಯ ಜೊತೆ ನೀರು, ನೀರಿನಲ್ಲಿ ಸಯನೈಡ್, ತಾಮ್ರ, ಕಬ್ಬಿಣ, ಕೆಲವು ಅದಿರುಗಳಲ್ಲಿ ಪಾಷಾಣ, ಅಂದರೆ ಆರ್ಸೆನಿಕ್. ಪುಡಿಯನ್ನು ಇಲ್ಲವಾಗಿಸಲು ಆಗುವುದಿಲ್ಲ. ಅದರ ಜೊತೆ ಹೋಗುವ ವಿಷವನ್ನು ಕಡಿಮೆ ಮಾಡಬಹುದು, ಒಡೆಯಬಹುದು, ಕಟ್ಟಿಹಾಕಬಹುದು. ಕೆಲಸವನ್ನು ಇದೇ ಕ್ರಮದಲ್ಲಿ ಮಾಡಬೇಕು. ಬಹಳ ಕಡೆ ಮೊದಲ ಹಂತ ಬಿಟ್ಟು ಕೊನೆಯದಕ್ಕೇ ಹೋಗುತ್ತಾರೆ. ಎಲ್ಲವನ್ನೂ ಪಾಂಡ್‌ಗೆ, ಅಂದರೆ ಟೇಲಿಂಗ್ಸ್ ನಿಲ್ಲಿಸಲು ಕಟ್ಟೆ ಕಟ್ಟಿದ ಹೊಂಡಕ್ಕೆ ಬಿಟ್ಟು, ಪಾಂಡ್ ನೋಡಿಕೊಳ್ಳುತ್ತದೆ ಅಂದುಕೊಳ್ಳುತ್ತಾರೆ. ಪಾಂಡ್ ಏನನ್ನೂ ನೋಡಿಕೊಳ್ಳುವುದಿಲ್ಲ, ನೀವು ಕಳಿಸಿದ್ದನ್ನು ಸುಮ್ನೆ ಇಟ್ಟುಕೊಳ್ಳುತ್ತದೆ.

ಹೆಜ್ಜೆ 1: ಎಲ್ಲ ಮೋರಿಗಳ ನಕ್ಷೆ ಬರೆಯಿರಿ

ಕಂಪ್ಯೂಟರಿನಲ್ಲಿರುವ ಡ್ರಾಯಿಂಗ್ ನಂಬಬೇಡಿ. ಒಂದು ಹಾಳೆ, ಒಂದು ಪೆನ್ನು ತಗೊಂಡು ನಡೆಯಿರಿ. ಮಿಲ್, ತಿಕ್ನರ್ (ಪುಡಿ ಕೂರಿಸಿ ಮೇಲಿನ ತಿಳಿನೀರು ಬೇರೆ ಮಾಡುವ ತೊಟ್ಟಿ), ಲೀಚ್ ಟ್ಯಾಂಕ್ (ಸಯನೈಡ್‌ನಲ್ಲಿ ಚಿನ್ನ ಕರಗಿಸುವ ತೊಟ್ಟಿ), ಕಾರ್ಬನ್ ತೊಳೆಯುವ ಜಾಗ, ಲ್ಯಾಬ್, ವರ್ಕ್‌ಶಾಪ್, ಕೆಮಿಕಲ್ ಗೋಡೌನ್. ಎಲ್ಲೆಲ್ಲಿ ನೆಲ ತೊಳೆದ ನೀರು ಹೋಗುತ್ತದೆ, ಯಾವ ಸಂಪ್‌ಗೆ ಬೀಳುತ್ತದೆ, ಅಲ್ಲಿಂದ ಯಾವ ಪಂಪ್ ಎಲ್ಲಿಗೆ ತಳ್ಳುತ್ತದೆ, ಎಲ್ಲವನ್ನೂ ಬರೆದುಕೊಳ್ಳಿ. ಮಳೆ ಬರುವಾಗ ಇನ್ನೊಮ್ಮೆ ನಡೆಯಿರಿ. ಬೇಸಿಗೆಯಲ್ಲಿ ಕಾಣದ ದಾರಿಗಳು ಆಗ ಕಾಣುತ್ತವೆ.

ಮುಖ್ಯವಾಗಿ ಹುಡುಕಬೇಕಾದದ್ದು ಒಂದು: ಆಮ್ಲದ ನೀರು, ಸಯನೈಡ್ ನೀರು ಎಲ್ಲಾದರೂ ಸೇರುತ್ತಿವೆಯೇ?

ಇದನ್ನು ಒತ್ತಿ ಹೇಳಲು ಕಾರಣ ಇದೆ. ಚಿನ್ನ ಹಿಡಿಯುವ ಕಾರ್ಬನ್ನನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯುತ್ತೇವೆ. ನಾನು ಮೊದಲು ಸೇರಿದ ಒಂದು ಪ್ಲಾಂಟಿನಲ್ಲಿ ಆ ತೊಳೆದ ನೀರಿನ ಮೋರಿಯೂ ಲೀಚ್ ಟ್ಯಾಂಕುಗಳ ಕೆಳಗಿನ ಮೋರಿಯೂ ಒಂದೇ ಗುಂಡಿಗೆ ಬೀಳುತ್ತಿದ್ದವು. ವರ್ಷಗಟ್ಟಲೆ ಏನೂ ಆಗಿರಲಿಲ್ಲ, ಯಾಕೆಂದರೆ ಎರಡೂ ಒಟ್ಟಿಗೆ ಹರಿದಿರಲಿಲ್ಲ. ಒಂದು ದಿನ ಲೀಚ್ ಟ್ಯಾಂಕ್ ತುಂಬಿ ಹೊರಚೆಲ್ಲಿತು, ಅದೇ ಹೊತ್ತಿಗೆ ಕಾರ್ಬನ್ ತೊಳೆಯುತ್ತಿದ್ದರು. ಗುಂಡಿಯ ಹತ್ತಿರ ಇದ್ದ ಹೆಲ್ಪರ್‌ನ ಎದೆಗೆ ಸಿಕ್ಕಿಸಿದ್ದ ಗ್ಯಾಸ್ ಮೀಟರ್ ಕೂಗಿತು. ಅವನು ಓಡಿದ. ಮೀಟರ್ ಇಲ್ಲದಿದ್ದರೆ ಓಡುತ್ತಿರಲಿಲ್ಲ. ಸಯನೈಡ್ ದ್ರಾವಣದ ಪಿಎಚ್ (ಆಮ್ಲ ಸೇರಿದಷ್ಟೂ ಇಳಿಯುವ ಅಂಕಿ) 10.5ಕ್ಕಿಂತ ಮೇಲಿದ್ದರೆ ಸಯನೈಡ್ ನೀರಿನಲ್ಲೇ ಇರುತ್ತದೆ. 9.2ರ ಹತ್ತಿರ ಬಂದರೆ ಅರ್ಧದಷ್ಟು ಹೈಡ್ರೋಜನ್ ಸಯನೈಡ್ ಅನ್ನುವ, ವಿಷಾನಿಲವಾಗಿ ಏಳುವ ವಸ್ತು ಆಗಿರುತ್ತದೆ. ಅದು ಕುದಿಯುವುದು ಬರೀ 26 ಡಿಗ್ರಿಯಲ್ಲಿ. ರಾಯಚೂರಿನ ಬೇಸಿಗೆ ನೆನಪಿಸಿಕೊಳ್ಳಿ. ಕಹಿ ಬಾದಾಮಿಯ ವಾಸನೆ ಬರುತ್ತದೆ ಅಂತಾರೆ, ಆದರೆ ಎಷ್ಟೋ ಜನರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ವಾಸನೆ ನಂಬಿಕೊಂಡು ಯಾರೂ ಕೆಲಸ ಮಾಡಬಾರದು.

ಹಾಗಾಗಿ ನಕ್ಷೆ ಮುಗಿದ ದಿನವೇ ಮಾಡಬೇಕಾದ ಕೆಲಸ: ಆಮ್ಲದ ಮೋರಿ ಬೇರೆ, ಸಯನೈಡ್ ಮೋರಿ ಬೇರೆ, ಮಳೆನೀರಿನ ಕಾಲುವೆ ಇನ್ನೂ ಬೇರೆ. ಬೇರೆ ಬೇರೆ ಬಣ್ಣ ಬಳಿಯಿರಿ. ಇದೊಂದೇ ಕೆಲಸದಿಂದ ಶುದ್ಧ ಮಾಡಬೇಕಾದ ನೀರಿನ ಪ್ರಮಾಣವೂ ಇಳಿಯುತ್ತದೆ, ಯಾಕೆಂದರೆ ಚೊಕ್ಕ ಮಳೆನೀರು ಇನ್ನು ಮೇಲೆ ಸಯನೈಡ್ ಜೊತೆ ಸೇರಿ ಕೆಡುವುದಿಲ್ಲ.

ಯಾರಾದರೂ ಗ್ಯಾಸ್ ಕುಡಿದು ಬಿದ್ದರೆ ಉಸಿರಾಟದ ಸಿಲಿಂಡರ್ ಹಾಕಿಕೊಳ್ಳದೆ ಹತ್ತಿರ ಹೋಗಬೇಡಿ. ಹೊರಗೆ ತನ್ನಿ, ಆಮ್ಲಜನಕ ಕೊಡಿ, ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಡಿ. ಹೈಡ್ರಾಕ್ಸೊಕೋಬಾಲಮಿನ್, ಇಲ್ಲವೇ ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಮದ್ದು ಹತ್ತಿರದ ಆಸ್ಪತ್ರೆಯಲ್ಲಿ ಇದೆಯೇ, ಅದರ ಅವಧಿ ಮುಗಿದಿಲ್ಲವೇ ಅಂತ ಇವತ್ತೇ ವಿಚಾರಿಸಿ. ಆಂಬುಲೆನ್ಸ್ ಹೊರಟ ಮೇಲೆ ವಿಚಾರಿಸುವ ಮಾತಲ್ಲ ಅದು.

ಹೆಜ್ಜೆ 2: ಯಾವ ಸಯನೈಡ್ ಅಂತ ಕೇಳಿ

"ಸಯನೈಡ್ ಎಷ್ಟಿದೆ?" ಅಂತ ಕೇಳಿದರೆ ಲ್ಯಾಬ್‌ನವರು ಒಂದು ಅಂಕಿ ಹೇಳುತ್ತಾರೆ. ಆ ಅಂಕಿ ಯಾವುದರದ್ದು ಅಂತ ಮರುಪ್ರಶ್ನೆ ಹಾಕಿ. ಮೂರು ಬಗೆ ಇದೆ. ಒಂದು, ಬಿಡಿ ಸಯನೈಡ್. ಎರಡು, ತಾಮ್ರ, ಸತು, ನಿಕ್ಕಲ್ ಜೊತೆ ಸಡಿಲವಾಗಿ ಅಂಟಿಕೊಂಡದ್ದು. ಬಿಡಿ ಸಯನೈಡನ್ನೂ ಸೇರಿಸಿ ಇದನ್ನು ವ್ಯಾಡ್ ಸಯನೈಡ್ ಅನ್ನುತ್ತಾರೆ. ಮೂರು, ಕಬ್ಬಿಣದ ಜೊತೆ ಗಟ್ಟಿಯಾಗಿ ಕಟ್ಟಿಕೊಂಡದ್ದನ್ನೂ ಸೇರಿಸಿದ ಒಟ್ಟು ಸಯನೈಡ್. ಬೆಳ್ಳಿ ನೈಟ್ರೇಟ್ ಟೈಟ್ರೇಶನ್ ಅನ್ನುವ ಲ್ಯಾಬ್ ಪರೀಕ್ಷೆಯಲ್ಲಿ ಸಿಗುವುದು ಬಿಡಿ ಸಯನೈಡ್, ಹೆಚ್ಚೆಂದರೆ ಅದರ ಆಸುಪಾಸು. ಅದು ಸೊನ್ನೆ ಬಂತು ಅಂತ ನೀರು ಶುದ್ಧವಾಯಿತು ಅಂದುಕೊಂಡರೆ ಮೋಸ ಹೋಗುತ್ತೀರಿ. ಹಕ್ಕಿ, ಮೀನು, ದನಗಳಿಗೆ ಅಪಾಯ ತರುವುದನ್ನು ಅಳೆಯಲು ವ್ಯಾಡ್ ಬೇಕು. ಕಬ್ಬಿಣದ್ದು ನಿರುಪದ್ರವಿ ಅನ್ನುವಂತಿಲ್ಲ. ಬಿಸಿಲು ಬಿದ್ದಾಗ ಅದೂ ಒಡೆದು ಬಿಡಿ ಸಯನೈಡ್ ಆಗುತ್ತದೆ.

ನೆನಪಿಡಬೇಕಾದ ಗಡಿಗಳು ಇವು. ಅಂತರರಾಷ್ಟ್ರೀಯ ಸಯನೈಡ್ ಸಂಹಿತೆಯ ಪ್ರಕಾರ ತೆರೆದ ಪಾಂಡ್‌ನ ನೀರಿನಲ್ಲಿ ವ್ಯಾಡ್ ಲೀಟರಿಗೆ 50 ಮಿಲಿಗ್ರಾಂ ಮೀರಬಾರದು, ಇದು ಹಕ್ಕಿಪಕ್ಷಿಗಳ ರಕ್ಷಣೆಗೆ. ನಮ್ಮ ದೇಶದಲ್ಲಿ ಹಳ್ಳ, ಹೊಳೆಗೆ ಬಿಡುವ ನೀರಿನಲ್ಲಿ ಸಯನೈಡ್ ಲೀಟರಿಗೆ 0.2 ಮಿಲಿಗ್ರಾಂ, ಆರ್ಸೆನಿಕ್ಕೂ 0.2. ಕುಡಿಯುವ ನೀರಿಗೆ ಸಯನೈಡ್ 0.05, ಆರ್ಸೆನಿಕ್ 0.01. ನಿಮ್ಮ ಪ್ಲಾಂಟಿನ ಒಪ್ಪಿಗೆ ಪತ್ರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಇದಕ್ಕಿಂತ ಬಿಗಿಯಾದ ಷರತ್ತು ಹಾಕಿದ್ದರೆ ಅದೇ ಅಂತಿಮ.

ಸ್ಯಾಂಪಲ್ ತೆಗೆಯುವಾಗ ಬಹಳ ತಪ್ಪಾಗುತ್ತದೆ. ಬಿಸಿಲಿನಲ್ಲಿ ಬಾಟಲಿ ಇಟ್ಟರೆ ಮಧ್ಯಾಹ್ನದೊಳಗೆ ಅಂಕಿ ಇಳಿದುಹೋಗುತ್ತದೆ. ತೆಗೆದ ಕೂಡಲೇ ಕಾಸ್ಟಿಕ್ ಸೋಡಾ ಹಾಕಿ ಪಿಎಚ್ 12ಕ್ಕೆ ಏರಿಸಿ. ಬಣ್ಣದ ಬಾಟಲಿಯಲ್ಲಿ ತುಂಬಿ ಐಸ್ ಪೆಟ್ಟಿಗೆಯಲ್ಲಿಡಿ. ಸ್ಯಾಂಪಲ್ಲನ್ನು ಮೂರೂ ಶಿಫ್ಟ್‌ನಲ್ಲಿ ತೆಗೆಯಬೇಕು. ಹಗಲು ಚೆನ್ನಾಗಿ ಓಡುವ ಪ್ಲಾಂಟು ರಾತ್ರಿ ಬೇರೆಯೇ ರೀತಿ ಓಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹೆಜ್ಜೆ 3: ಹುಟ್ಟುವ ಮೊದಲೇ ಕಡಿಮೆ ಮಾಡಿ

ಜಾಸ್ತಿ ಲಾಭ ಇರುವುದು ಇಲ್ಲಿ. ಯಾರೂ ಫೋಟೋ ತೆಗೆದು ಹಾಕುವ ಕೆಲಸ ಅಲ್ಲದ ಕಾರಣ ಇದು ಹಿಂದೆ ಉಳಿದಿದೆ.

ಹಾಕಿದ ಸಯನೈಡ್‌ನಲ್ಲಿ ಚಿನ್ನ ಕರಗಿಸಲು ಬೇಕಾಗುವುದು ಸಣ್ಣ ಪಾಲು. ಉಳಿದದ್ದನ್ನು ಅದಿರಿನಲ್ಲಿರುವ ತಾಮ್ರ, ಗಂಧಕದ ಖನಿಜಗಳು ತಿನ್ನುತ್ತವೆ. ಅದರಲ್ಲೂ ಪಿರೋಟೈಟ್ ಅನ್ನುವ ಕಬ್ಬಿಣ-ಗಂಧಕದ ಖನಿಜ ಇರುವ ಅದಿರು ಸಯನೈಡನ್ನೂ ತಿನ್ನುತ್ತದೆ, ಆಮ್ಲಜನಕವನ್ನೂ ತಿನ್ನುತ್ತದೆ. ಇದಕ್ಕೆ ಸುಲಭ ಉಪಾಯ ಒಂದಿದೆ. ಸಯನೈಡ್ ಹಾಕುವ ಮೊದಲು ಸುಣ್ಣ ಸೇರಿಸಿದ ಸ್ಲರಿಗೆ, ಅಂದರೆ ಅರೆದ ಅದಿರು ಮತ್ತು ನೀರಿನ ಗಂಜಿಗೆ, ಕೆಲವು ಗಂಟೆ ಬರೀ ಗಾಳಿ ಊದಿ. ತಿನ್ನುವ ಖನಿಜಗಳ ಮೇಲ್ಮೈ ತುಕ್ಕು ಹಿಡಿದ ಹಾಗೆ ಆಗಿ ಅವುಗಳ ಹಸಿವು ಕಡಿಮೆಯಾಗುತ್ತದೆ. ಎಷ್ಟು ಗಂಟೆ ಅನ್ನುವುದು ನಿಮ್ಮ ಅದಿರಿನ ಮೇಲೆ ನಿಂತಿದೆ. ಲ್ಯಾಬ್‌ನಲ್ಲಿ ಸ್ಲರಿ, ಸಯನೈಡ್ ತುಂಬಿದ ಬಾಟಲಿ ಉರುಳಿಸಿ ಎಷ್ಟು ಸಯನೈಡ್ ಖರ್ಚಾಯಿತು ನೋಡಿ: ಗಾಳಿ ಊದದೆ ಒಂದು, 2 ಗಂಟೆ ಊದಿ ಒಂದು, 4 ಗಂಟೆ ಊದಿ ಒಂದು. ಒಂದು ವಾರದಲ್ಲಿ ಉತ್ತರ ಸಿಗುತ್ತದೆ.

ಬರಿಗಣ್ಣಿಗೆ ಕಾಣುವಷ್ಟು ದಪ್ಪ ಚಿನ್ನ ಇದ್ದರೆ ಅದನ್ನು ಮಿಲ್‌ನ ಸುತ್ತಿನಲ್ಲೇ ತೂಕದ ಆಧಾರದಲ್ಲಿ ಬೇರ್ಪಡಿಸಿ ತೆಗೆಯಿರಿ. ದಪ್ಪ ಕಣ ಕರಗಲಿ ಅಂತಲೇ ಎಲ್ಲೆಡೆ ಸಯನೈಡ್ ಜಾಸ್ತಿ ಹಾಕುವ ಅಭ್ಯಾಸ ಬಂದಿರುತ್ತದೆ. ಅದು ಹೋದರೆ ಟ್ಯಾಂಕಿನಲ್ಲಿ ಸಯನೈಡ್‌ನ ಮಟ್ಟ ಇಳಿಸಬಹುದು. ಇಳಿಸುವಾಗ ಸ್ವಲ್ಪ ಸ್ವಲ್ಪವೇ ಇಳಿಸಿ, ಪ್ರತಿ ಸಲ ಒಂದು ವಾರ ಚಿನ್ನದ ಲೆಕ್ಕ ನೋಡಿ. ಮೇಲಿನವರಿಗೆ ಚಿನ್ನ ಕಡಿಮೆಯಾಗುತ್ತದೆ ಅನ್ನುವ ಹೆದರಿಕೆ ಇರುತ್ತದೆ. ಅಂಕಿ ಕೈಯಲ್ಲಿದ್ದರೆ ಮಾತಾಡುವುದು ಸುಲಭ.

ಈಗ ಎಲ್ಲಕ್ಕಿಂತ ಮುಖ್ಯವಾದ ಯಂತ್ರಕ್ಕೆ ಬರೋಣ. ಅದು ಟೇಲಿಂಗ್ಸ್ ತಿಕ್ನರ್. ಒಂದು ಲೆಕ್ಕ ಮಾಡಿ ನೋಡಿ. ಗಂಟೆಗೆ 20 ಟನ್ ಅದಿರು ಅರೆಯುವ ಚಿಕ್ಕ ಪ್ಲಾಂಟು. ಲೀಚ್‌ನಿಂದ ಹೊರಬರುವ ಸ್ಲರಿಯಲ್ಲಿ ಶೇಕಡ 45 ಘನ ಇದ್ದರೆ, ಗಂಟೆಗೆ 24.4 ಘನ ಮೀಟರ್ ನೀರು ಹೊರಗೆ ಹೋಗುತ್ತದೆ. ಅದೇ ಸ್ಲರಿಯನ್ನು ತಿಕ್ನರ್‌ನಲ್ಲಿ ಶೇಕಡ 60ಕ್ಕೆ ಗಟ್ಟಿ ಮಾಡಿದರೆ ಹೋಗುವ ನೀರು 13.3 ಘನ ಮೀಟರ್. ನೀರಿನಲ್ಲಿ ವ್ಯಾಡ್ ಲೀಟರಿಗೆ 150 ಮಿಲಿಗ್ರಾಂ ಇದೆ ಅಂದರೆ, ಮೊದಲ ಲೆಕ್ಕದಲ್ಲಿ ಗಂಟೆಗೆ 3.66 ಕೆ.ಜಿ. ಸಯನೈಡ್ ಆಚೆ ಹೋಗುತ್ತದೆ, ಎರಡನೆಯದರಲ್ಲಿ 2 ಕೆ.ಜಿ. ಉಳಿದ 1.66 ಕೆ.ಜಿ. ಮೇಲಿನ ತಿಳಿನೀರಿನ ಜೊತೆ ವಾಪಸ್ ಮಿಲ್‌ಗೆ ಬರುತ್ತದೆ. ಅದರಲ್ಲಿ ಬಿಡಿಯಾಗಿರುವ ಪಾಲು ಮತ್ತೆ ಕೆಲಸಕ್ಕೆ ಬರುತ್ತದೆ. ಒಂದು ಹನಿ ಔಷಧಿ ಹಾಕದೆ ತ್ಯಾಜ್ಯದಲ್ಲಿನ ವಿಷ ಅರ್ಧಕ್ಕೆ ಸಮೀಪ ಇಳಿಯಿತು. ಫಿಲ್ಟರ್ ಪ್ರೆಸ್ ಹಾಕಿ ಶೇಕಡ 85ಕ್ಕೆ ಒಣಗಿಸುವ ಶಕ್ತಿ ಇದ್ದರೆ ಹೋಗುವ ನೀರು ಬರೀ 3.5 ಘನ ಮೀಟರ್. ಆಗ ಸ್ಲರಿ ಪಾಂಡ್ ಬದಲು ಪುಡಿಯನ್ನು ಲಾರಿಯಲ್ಲಿ ಸಾಗಿಸಿ ಪದರ ಪದರವಾಗಿ ಗುದ್ದಿ ಪೇರಿಸಬಹುದು. ಬಂಡವಾಳ ಜಾಸ್ತಿ ಬೇಕು, ನಿಜ. ಆದರೆ ನೀರಿನ ಬರ ಇರುವ ನಮ್ಮ ಉತ್ತರ ಕರ್ನಾಟಕದ ಕಡೆ ಈ ಲೆಕ್ಕವನ್ನು ಒಮ್ಮೆ ಪ್ರಾಮಾಣಿಕವಾಗಿ ಮಾಡಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ತಿಕ್ನರ್ ಇದ್ದೂ ಸ್ಲರಿ ತೆಳ್ಳಗೆ ಹೋಗುತ್ತಿರುವ ಪ್ಲಾಂಟುಗಳು ಬಹಳ. ಪುಡಿ ಬೇಗ ಕೂರಲು ಹಾಕುವ ಫ್ಲಾಕುಲಂಟ್ ಸರಿಯಾಗಿ ಕರಗಿರುವುದಿಲ್ಲ, ಕೆಳಗಿನ ಪಂಪ್‌ನ ವೇಗ ಯಾರೂ ಮುಟ್ಟಿರುವುದಿಲ್ಲ, ಪಂಪ್ ಗ್ಲ್ಯಾಂಡ್‌ಗೆ (ತಿರುಗುವ ದಂಡ ಸೋರದಂತೆ ತಡೆಯುವ ಭಾಗ) ಬಿಟ್ಟ ನೀರು ಪೂರ್ತಿ ತೆರೆದಿರುತ್ತದೆ. ಹೊಸ ಯಂತ್ರ ಕೇಳುವ ಮೊದಲು ಇವನ್ನು ನೋಡಿ. ಸ್ಲರಿಯ ಸಾಂದ್ರತೆ ತೂಗುವ ಒಂದು ಲೀಟರಿನ ಕ್ಯಾನ್ ಮತ್ತು ತಕ್ಕಡಿ ಎಲ್ಲ ಮಿಲ್‌ನಲ್ಲೂ ಇರುತ್ತದೆ. ಗಂಟೆಗೊಮ್ಮೆ ತೂಗಿ ಬರೆಯಿರಿ, ಅಷ್ಟು ಸಾಕು.

ಹೆಜ್ಜೆ 4: ಉಳಿದ ಸಯನೈಡನ್ನು ಒಡೆಯಿರಿ

ಸ್ಲರಿ ಪ್ಲಾಂಟ್ ಬಿಡುವ ಮೊದಲೇ ಇದನ್ನು ಮಾಡಬೇಕು. ಕ್ಲೋರಿನ್, ಹೈಡ್ರೋಜನ್ ಪೆರಾಕ್ಸೈಡ್, ಸಲ್ಫರ್ ಡೈಆಕ್ಸೈಡ್ ಮತ್ತು ಗಾಳಿ ಹೀಗೆ ಕೆಲವು ದಾರಿಗಳಿವೆ. ಅಮೆರಿಕದ ದಕ್ಷಿಣ ಡಕೋಟಾದ ಹೋಮ್‌ಸ್ಟೇಕ್ ಗಣಿಯಲ್ಲಿ 1984ರಿಂದ ಬ್ಯಾಕ್ಟೀರಿಯಾಗಳಿಂದಲೇ ಈ ಕೆಲಸ ಮಾಡಿಸಿದರು. ಕ್ಲೋರಿನ್ ಹಳೆಯ ಪದ್ಧತಿ. ಪಿಎಚ್ ಇಳಿದರೆ ಸಯನೋಜನ್ ಕ್ಲೋರೈಡ್ ಅನ್ನುವ ಇನ್ನೊಂದು ವಿಷಾನಿಲ ಹುಟ್ಟುತ್ತದೆ. ಸ್ಲರಿಯಲ್ಲಿ ಖರ್ಚೂ ಜಾಸ್ತಿ. ಪೆರಾಕ್ಸೈಡ್ ತಿಳಿನೀರಿಗೆ ಒಳ್ಳೆಯದು. ಸ್ಲರಿಗೆ ನಾನು ಹೇಳುವುದು ಸಲ್ಫರ್ ಡೈಆಕ್ಸೈಡ್ ಮತ್ತು ಗಾಳಿಯ ವಿಧಾನ. ಗ್ಯಾಸ್ ಸಿಲಿಂಡರ್ ಬದಲು ಸೋಡಿಯಂ ಮೆಟಾಬೈಸಲ್ಫೈಟ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಹಾಕಿದರೂ ಅದೇ ಕೆಲಸ ಆಗುತ್ತದೆ.

ಇದಕ್ಕೆ ಬೇಕಾಗುವುದು ನಾಲ್ಕೇ ವಸ್ತು: ಮೆಟಾಬೈಸಲ್ಫೈಟ್, ಗಾಳಿ, ಸುಣ್ಣ, ತಾಮ್ರ. ತಾಮ್ರ ಅಂದರೆ ನಮ್ಮ ಅಡಿಕೆ ತೋಟದವರು ಬೋರ್ಡೋ ದ್ರಾವಣಕ್ಕೆ ಹಾಕುವ ಅದೇ ಮೈಲುತುತ್ತ. ಇಲ್ಲಿ ಅದು ಕ್ರಿಯೆಯನ್ನು ಚುರುಕು ಮಾಡುತ್ತದೆ. ಅದಿರಿನಲ್ಲೇ ತಾಮ್ರ ಸಾಕಷ್ಟಿದ್ದರೆ ಬೇರೆ ಹಾಕಬೇಕಾಗಿಲ್ಲ. ಸಯನೈಡ್ ಸಯನೇಟ್ ಆಗುತ್ತದೆ, ಸಯನೇಟ್ ನಿಧಾನವಾಗಿ ಅಮೋನಿಯಾ ಮತ್ತು ಕಾರ್ಬೋನೇಟ್ ಆಗಿ ಒಡೆಯುತ್ತದೆ. ಕಬ್ಬಿಣದ ಸಯನೈಡ್ ತಾಮ್ರದ ಜೊತೆ ಸೇರಿ ಘನವಾಗಿ ಕೆಳಗೆ ಕೂರುತ್ತದೆ.

ಮೊದಲು ಲ್ಯಾಬ್‌ನಲ್ಲಿ ಮಾಡಿ. ಹೊಗೆ ಎಳೆಯುವ ಹುಡ್‌ನ ಕೆಳಗೆ, ಎದೆಗೆ ಗ್ಯಾಸ್ ಮೀಟರ್ ಸಿಕ್ಕಿಸಿಕೊಂಡು. ಒಂದೊಂದು ಲೀಟರ್ ಸ್ಲರಿಯ ನಾಲ್ಕು ಬೀಕರ್. ನಾಲ್ಕಕ್ಕೂ ಲೀಟರಿಗೆ 50 ಮಿಲಿಗ್ರಾಂ ತಾಮ್ರ ಬರುವಷ್ಟು, ಅಂದರೆ ಸುಮಾರು 0.2 ಗ್ರಾಂ, ಮೈಲುತುತ್ತ ಹಾಕಿ. ಒಂದು ಗ್ರಾಂ ಸಯನೈಡ್ ಒಡೆಯಲು ಲೆಕ್ಕದ ಪ್ರಕಾರ 3.65 ಗ್ರಾಂ ಮೆಟಾಬೈಸಲ್ಫೈಟ್ ಬೇಕು. ನಿಜದಲ್ಲಿ ಅಷ್ಟು ಸಾಲುವುದಿಲ್ಲ. ಹಾಗಾಗಿ ನಾಲ್ಕು ಬೀಕರಿಗೆ, ಒಳಗಿರುವ ಒಂದೊಂದು ಗ್ರಾಂ ಸಯನೈಡಿಗೆ 4, 5, 6, 7 ಗ್ರಾಂ ಲೆಕ್ಕದಲ್ಲಿ ಹಾಕಿ ನೋಡಿ. ಒಮ್ಮೆಲೇ ಸುರಿಯಬೇಡಿ, ಸ್ವಲ್ಪ ಸ್ವಲ್ಪ ಹಾಕುತ್ತಾ ಬನ್ನಿ. ಗಾಳಿ ಬಿಡದೆ ಊದುತ್ತಿರಲಿ, ಕಲಕುತ್ತಿರಲಿ. ಈ ಕ್ರಿಯೆ ಆಮ್ಲ ಹುಟ್ಟಿಸುತ್ತದೆ. ಸುಣ್ಣದ ಹಾಲು ಬಿಡುತ್ತಾ ಪಿಎಚ್ 8.5ರಿಂದ 9ರ ನಡುವೆ ಹಿಡಿದಿಡಿ. 30, 60, 90 ನಿಮಿಷಕ್ಕೆ ವ್ಯಾಡ್ ಅಳೆಯಿರಿ. ಯಾವ ಅಳತೆಯಲ್ಲಿ, ಎಷ್ಟು ನಿಮಿಷದಲ್ಲಿ ನಿಮ್ಮ ಗುರಿ ಮುಟ್ಟಿತೋ ಅದೇ ಪ್ಲಾಂಟಿನ ಟ್ಯಾಂಕಿಗೆ ಆರಂಭದ ಅಳತೆ.

ಹಿಂದಿನ ತಿಕ್ನರ್ ಲೆಕ್ಕವನ್ನು ಇಲ್ಲಿಗೆ ತನ್ನಿ. ಗಂಟೆಗೆ 3.66 ಕೆ.ಜಿ. ಬದಲು 2 ಕೆ.ಜಿ. ಸಯನೈಡ್ ಒಡೆದರೆ ಸಾಕಾದಾಗ, ಬರೀ ಪುಸ್ತಕದ ಲೆಕ್ಕದಲ್ಲೇ ಗಂಟೆಗೆ 6 ಕೆ.ಜಿ.ಯಷ್ಟು ಮೆಟಾಬೈಸಲ್ಫೈಟ್ ಉಳಿಯುತ್ತದೆ, ದಿನಕ್ಕೆ ಸುಮಾರು 146 ಕೆ.ಜಿ. ಒಡೆಯುವ ಖರ್ಚು ಹೆಚ್ಚಾಯಿತು ಅಂತ ಗೊಣಗುವ ಮ್ಯಾನೇಜರಿಗೆ ತಿಕ್ನರ್ ತೋರಿಸಬೇಕು ಅಂತ ನಾನು ಹೇಳುವುದು ಇದಕ್ಕೇ.

ಪ್ಲಾಂಟಿಗೆ ಹಾಕುವಾಗ ಎರಡು ವಿಷಯ ಬಿಡಬೇಡಿ. ಒಂದು, ಪಿಎಚ್ 8.5 ಅಂದರೆ ಹೈಡ್ರೋಜನ್ ಸಯನೈಡ್ ಸ್ವಲ್ಪ ಹುಟ್ಟುವ ಮಟ್ಟವೇ. ಸುಣ್ಣದ ಲೈನ್ ಕಟ್ಟಿಕೊಂಡರೆ, ಮೆಟಾಬೈಸಲ್ಫೈಟ್ ಮಾತ್ರ ಹರಿಯುತ್ತಿದ್ದರೆ, ಪಿಎಚ್ ಕುಸಿದು ಗ್ಯಾಸ್ ಏಳುತ್ತದೆ. ಅದಕ್ಕೆ ಪಿಎಚ್ 8ಕ್ಕಿಂತ ಇಳಿದ ಕೂಡಲೇ ಮೆಟಾಬೈಸಲ್ಫೈಟ್ ಪಂಪ್ ತಾನೇ ನಿಲ್ಲುವ ಹಾಗೆ ವಯರಿಂಗ್ ಮಾಡಿಸಿ. ಸುಣ್ಣದ ಲೈನ್ ಕಟ್ಟುವುದು ಯಾವಾಗಲೋ ಅಪರೂಪಕ್ಕೆ ಆಗುವ ಮಾತಲ್ಲ, ಪ್ರತಿ ವಾರ ಆಗುತ್ತದೆ. ಎರಡು, ಗಾಳಿ. ವ್ಯಾಡ್ ಇಳಿಯುತ್ತಿಲ್ಲ ಅಂದಾಗ ಎಲ್ಲರೂ ಮೆಟಾಬೈಸಲ್ಫೈಟ್ ಜಾಸ್ತಿ ಮಾಡುತ್ತಾರೆ. ನೂರಕ್ಕೆ ಎಂಬತ್ತು ಸಲ ತೊಂದರೆ ಇರುವುದು ಬ್ಲೋವರ್‌ನಲ್ಲಿ ಅನ್ನುವುದು ನನ್ನ ಅನುಭವ. ಗಾಳಿ ಸಾಲದೆ ಪುಡಿ ಸುರಿದರೆ ಅದು ಹಾಗೇ ಹರಿದುಹೋಗುತ್ತದೆ, ಸಯನೈಡೂ ಜೊತೆಗೆ ಹೋಗುತ್ತದೆ.

ಹೆಜ್ಜೆ 5: ಪಾಷಾಣ

ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಕಡೆಯ ಅದಿರಿನಲ್ಲಿ ಆರ್ಸೆನೋಪೈರೈಟ್ ಇರುತ್ತದೆ, ಅಂದರೆ ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಸೇರಿದ ಖನಿಜ. ಸಯನೈಡ್ ಬಿಸಿಲಿಗೆ, ಗಾಳಿಗೆ, ಕಾಲಕ್ಕೆ ಒಡೆಯುತ್ತದೆ. ಆರ್ಸೆನಿಕ್ ಮೂಲವಸ್ತು, ಅದಕ್ಕೆ ಒಡೆಯುವುದು ಅನ್ನುವುದೇ ಇಲ್ಲ. ಕರಗದ ಹಾಗೆ ಕಟ್ಟಿಹಾಕುವುದೊಂದೇ ದಾರಿ.

ನೀರಿನಲ್ಲಿ ಕರಗಿದ ಆರ್ಸೆನಿಕ್ ಇದ್ದರೆ ಫೆರಿಕ್ ಸಲ್ಫೇಟ್ ಅಥವಾ ಫೆರಿಕ್ ಕ್ಲೋರೈಡ್ ಹಾಕಿ. ಒಂದು ಪರಮಾಣು ಆರ್ಸೆನಿಕ್‌ಗೆ ಕನಿಷ್ಠ ಮೂರು ನಾಲ್ಕು ಪರಮಾಣು ಕಬ್ಬಿಣ ಇರಬೇಕು. ಆರ್ಸೆನಿಕ್ ಮೂರರ ರೂಪದಲ್ಲಿದ್ದರೆ (ಲ್ಯಾಬ್ ವರದಿಯಲ್ಲಿ As III) ಕಬ್ಬಿಣ ಅದನ್ನು ಸರಿಯಾಗಿ ಹಿಡಿಯುವುದಿಲ್ಲ, ಮೊದಲು ಪೆರಾಕ್ಸೈಡ್‌ನಂಥದ್ದರಿಂದ ಐದರ ರೂಪಕ್ಕೆ (As V) ತರಬೇಕು. ಪಿಎಚ್ ತಟಸ್ಥದ ಆಸುಪಾಸು ಅಥವಾ ಸ್ವಲ್ಪ ಕೆಳಗಿದ್ದರೆ ಚೆನ್ನಾಗಿ ಕೂರುತ್ತದೆ. ಈ ಕಾರಣಕ್ಕೇ ಸಯನೈಡ್ ಪೂರ್ತಿ ಒಡೆದದ್ದು ಅಳೆದು ಖಚಿತವಾದ ಮೇಲೆಯೇ ಆರ್ಸೆನಿಕ್‌ಗೆ ಕೈ ಹಾಕಿ. ಮೊದಲೇ ಪಿಎಚ್ ಇಳಿಸಿದರೆ ಒಂದನೇ ಹೆಜ್ಜೆಯಲ್ಲಿ ಹೇಳಿದ ಗುಂಡಿಯ ಕಥೆಯೇ ಮತ್ತೆ. ಹೀಗೆ ಕೂತ ಕೆಸರನ್ನು ಗಾಳಿ ಸಿಗದ, ಕೊಳೆಯುವ ವಸ್ತುಗಳಿರುವ ಕಡೆ ಹೂಳಬೇಡಿ. ಅಲ್ಲಿ ಕಬ್ಬಿಣ ಕರಗಿ ಆರ್ಸೆನಿಕ್ಕನ್ನು ಬಿಟ್ಟುಕೊಡುತ್ತದೆ.

ಗಂಧಕದ ಖನಿಜ ಜಾಸ್ತಿ ಇದ್ದರೆ ಆಮ್ಲದ ಚಿಂತೆಯೂ ಇದೆ. ಒಂದು ಟನ್ ಪುಡಿಯಲ್ಲಿ ಶೇಕಡ 1ರಷ್ಟು ಸಲ್ಫೈಡ್ ಗಂಧಕ ಪೂರ್ತಿ ಆಮ್ಲವಾದರೆ ಅದನ್ನು ಅಡಗಿಸಲು ಸುಮಾರು 31 ಕೆ.ಜಿ. ಸುಣ್ಣಕಲ್ಲು ಬೇಕು. ಪುಡಿಯಲ್ಲೇ ಅಷ್ಟು ಸುಣ್ಣದ ಅಂಶ ಇದೆಯೇ ಅಂತ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ ಫ್ಲೋಟೇಶನ್‌ನಿಂದ, ಅಂದರೆ ನೊರೆಯಲ್ಲಿ ತೇಲಿಸಿ, ಗಂಧಕದ ಖನಿಜವನ್ನು ಬೇರೆ ತೆಗೆದು, ಆ ಸಣ್ಣ ಪಾಲನ್ನು ಮಾತ್ರ ಲೈನರ್ ಹಾಕಿದ ಬೇರೆ ಅಂಕಣದಲ್ಲಿ ಇಡಿ. ಉಳಿದ ದೊಡ್ಡ ಪಾಲು ಆಗ ಎಷ್ಟೋ ಸಾಧುವಾಗುತ್ತದೆ. ಗಣಿಯ ಖಾಲಿ ಹೊಂಡಗಳಿಗೆ ಸಿಮೆಂಟ್ ಬೆರೆಸಿ ತುಂಬಲೂ ಬರುತ್ತದೆ.

ಹೆಜ್ಜೆ 6: ಪಾಂಡ್

2000ನೇ ಇಸವಿ ಜನವರಿ 30ರ ರಾತ್ರಿ ರೊಮೇನಿಯಾದ ಬಾಯಾ ಮಾರೆ ಅನ್ನುವ ಊರಿನಲ್ಲಿ ಟೇಲಿಂಗ್ಸ್ ಕಟ್ಟೆ ಒಡೆಯಿತು. ಹಿಮ ಕರಗಿದ ನೀರು, ಮೇಲೆ ಮಳೆ. ಸುಮಾರು 1 ಲಕ್ಷ ಘನ ಮೀಟರ್ ಸಯನೈಡ್ ನೀರು ಹೊಳೆ ಸೇರಿ, ಹಂಗೇರಿಯ ಟಿಸಾ ನದಿ ಮುಟ್ಟಿ, ಡ್ಯಾನ್ಯೂಬ್‌ವರೆಗೆ ಹೋಯಿತು. ಟಿಸಾದಲ್ಲಿ ಸಾವಿರ ಟನ್ನಿಗೂ ಮಿಕ್ಕಿ ಮೀನು ಸತ್ತವು. ಆ ಪ್ಲಾಂಟು ಮಾಡುತ್ತಿದ್ದ ಕೆಲಸ ಯಾವುದು ಗೊತ್ತೇ? ಹಳೆಯ ಗಣಿಯ ದಿಬ್ಬಗಳನ್ನು ಮತ್ತೆ ಕರಗಿಸಿ ಉಳಿದ ಚಿನ್ನ ತೆಗೆಯುವುದು. ಕೆಜಿಎಫ್‌ನ 13 ದಿಬ್ಬಗಳಲ್ಲೂ ಅದೇ ಕೆಲಸ ಮಾಡುವ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಆ ಕೆಲಸ ಬೇಡ ಅಂತ ನಾನು ಹೇಳುವುದಿಲ್ಲ. ಸರಿಯಾಗಿ ಮಾಡಿದರೆ ಧೂಳಿನ ದಿಬ್ಬಗಳನ್ನು ಸರಿಯಾದ ಜಾಗಕ್ಕೆ, ಸರಿಯಾದ ಹೊದಿಕೆಯ ಕೆಳಗೆ ಸಾಗಿಸುವ ಅವಕಾಶ ಅದು. ಆದರೆ ಅಲ್ಲಿಯ ಜನ ಮೊದಲ ಸಭೆಯಲ್ಲೇ ಕೇಳಬೇಕಾದ ಪ್ರಶ್ನೆಗಳು ಇಲ್ಲಿವೆ: ಸಯನೈಡ್ ಎಲ್ಲಿ ಒಡೆಯುತ್ತೀರಿ, ಪಾಂಡ್‌ಗೆ ಮುಂಚೆಯೋ ಆಮೇಲೆಯೋ? ಹೊಸ ಪುಡಿ ಎಲ್ಲಿ ಹೋಗುತ್ತದೆ? ಮಳೆಯ ಲೆಕ್ಕ ತೋರಿಸಿ.

ಮಳೆಯ ಲೆಕ್ಕ ಕಷ್ಟದ್ದಲ್ಲ. ಒಂದು ಹೆಕ್ಟೇರ್ ಪಾಂಡ್ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 10 ಲಕ್ಷ ಲೀಟರ್ ನೀರು. 10 ಹೆಕ್ಟೇರಿಗೆ 1 ಕೋಟಿ ಲೀಟರ್. ಸುತ್ತಲಿನ ಗುಡ್ಡದಿಂದ ಹರಿದು ಬರುವುದು ಬೇರೆ. ಅಷ್ಟು ನೀರು ಒಂದೇ ರಾತ್ರಿ ಬಂದರೂ ಕಟ್ಟೆಯ ನೆತ್ತಿಯಿಂದ ಕೆಳಗೆ ಖಾಲಿ ಜಾಗ ಉಳಿಯಬೇಕು. ಸುತ್ತಲೂ ಮಳೆಗಾಲುವೆ ತೆಗೆದು ಹೊರಗಿನ ನೀರು ಒಳಗೆ ಬರದಂತೆ ಮಾಡಿ. ತಿಳಿನೀರಿನ ಮಡು ಕಟ್ಟೆಯಿಂದ ದೂರ ಇರಲಿ, ಕಟ್ಟೆಗೆ ಒರಗಿದ ನೀರೇ ಕಟ್ಟೆಯನ್ನು ಒಳಗಿನಿಂದ ತಿನ್ನುವುದು. ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಕೆಳಗೆ ಗುದ್ದಿದ ಜೇಡಿಮಣ್ಣು. ಎರೆಮಣ್ಣು ಹತ್ತಿರದಲ್ಲೇ ಸಿಗುತ್ತದೆ ಅಂತ ಅದನ್ನೊಂದೇ ಹಾಕಿ ಬಿಡಬೇಡಿ. ಬೇಸಿಗೆಯಲ್ಲಿ ಹೊಲದಲ್ಲಿ ಅದು ಹೇಗೆ ಬಿರಿಯುತ್ತದೆ ಅಂತ ಎಲ್ಲರಿಗೂ ಗೊತ್ತು, ಅಲ್ವಾ?

ಕಟ್ಟೆಯ ಒಳಗಿನ ನೀರಿನ ಮಟ್ಟ ತೋರಿಸುವ ಪೀಜೋಮೀಟರ್ ಕೊಳವೆಗಳನ್ನು ವಾರಕ್ಕೊಮ್ಮೆ, ಮಳೆಗಾಲದಲ್ಲಿ ದಿನಾ ಓದಿ. ಪಾಂಡ್‌ನ ಕೆಳಗಡೆ ಇಳಿಜಾರಿನಲ್ಲಿ, ಮೇಲ್ಗಡೆಯಲ್ಲಿ ಬೋರ್ ಕೊರೆಸಿ ನೀರು ಪರೀಕ್ಷಿಸಿ. ಹತ್ತಿರದ ಹಳ್ಳಿಯ ಕೊಳವೆಬಾವಿಗಳನ್ನೂ ಸೇರಿಸಿ, ವರದಿಯನ್ನು ಪಂಚಾಯಿತಿ ಬೋರ್ಡಿನಲ್ಲಿ ಕನ್ನಡದಲ್ಲಿ ಅಂಟಿಸಿ.

ಹೆಜ್ಜೆ 7: ಡ್ರಮ್, ಎಣ್ಣೆ, ಕೆಸರು

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಟೇಲಿಂಗ್ಸನ್ನು ಪ್ರಮಾಣ ಜಾಸ್ತಿ, ಪರಿಣಾಮ ಕಡಿಮೆ ಅನ್ನುವ ಗುಂಪಿನಲ್ಲಿಟ್ಟು ಅಪಾಯಕಾರಿ ಪಟ್ಟಿಯಿಂದ ಹೊರಗಿಟ್ಟಿದ್ದಾರೆ. ಅದನ್ನು ಓದಿ ನೆಮ್ಮದಿಯಾಗಿ ಕೂರುವವರಿದ್ದಾರೆ. ಕಾಗದ ಹಾಗೆ ಹೇಳಿದರೂ ಸಯನೈಡ್‌ಗೆ ಅದು ಗೊತ್ತಿಲ್ಲ. ಹೊರಬಿಡುವ ನೀರಿನ ಮಿತಿಗಳೂ ಮಂಡಳಿಯ ಷರತ್ತುಗಳೂ ಹಾಗೇ ಇರುತ್ತವೆ. ಬಳಸಿದ ಎಣ್ಣೆ, ಸಯನೈಡ್ ಬಂದ ಖಾಲಿ ಡ್ರಮ್, ನೀರು ಶುದ್ಧ ಮಾಡಿದಾಗ ಕೂತ ಕೆಮಿಕಲ್ ಕೆಸರು ಪಟ್ಟಿಯೊಳಗೇ ಬರುತ್ತವೆ. ಇವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಸೂರು ಇರುವ, ನೆಲ ಸೋರದ ಜಾಗದಲ್ಲಿಡಿ, ಲೇಬಲ್ ಅಂಟಿಸಿ, ಅನುಮತಿ ಇರುವವರಿಗೆ ಮಾತ್ರ ಏಳು ಪ್ರತಿಯ ಮ್ಯಾನಿಫೆಸ್ಟ್, ಅಂದರೆ ಸಾಗಣೆ ಪತ್ರ ಬರೆದು ಕಳಿಸಿ. ಸರಕು ಪಡೆದವರು ಕಳಿಸುವ ನೀಲಿ ಪ್ರತಿ ನಿಮ್ಮ ಕೈಗೆ ವಾಪಸ್ ಬರುವವರೆಗೆ ಆ ಸರಕು ತಲುಪಿದೆ ಅಂತ ಲೆಕ್ಕ ಹಿಡಿಯಬೇಡಿ. ವರ್ಷದ ಲೆಕ್ಕ ಜೂನ್ 30ರೊಳಗೆ ಮಂಡಳಿಗೆ ಹೋಗಬೇಕು.

ಖಾಲಿ ಡ್ರಮ್ ಬಗ್ಗೆ ಇನ್ನೊಂದು ಮಾತು. ಹಳ್ಳಿಗಳಲ್ಲಿ ಡ್ರಮ್ ಅಂದರೆ ನೀರು ತುಂಬುವ ಪಾತ್ರೆ. ಒಂದು ಡ್ರಮ್ಮೂ ಗೇಟ್ ದಾಟದಂತೆ ನೋಡಿಕೊಳ್ಳಿ. ಮೂರು ಸಲ ತೊಳೆದು, ತೊಳೆದ ನೀರನ್ನು ಲೀಚ್ ಟ್ಯಾಂಕಿಗೇ ಹಾಕಿ, ಡ್ರಮ್ಮಿಗೆ ತೂತು ಹೊಡೆದು ಜಜ್ಜಿದ ಮೇಲೆಯೇ ಅದು ಗೋಡೌನ್ ಬಿಡಬೇಕು.

ಹೆಜ್ಜೆ 8: ಮುಚ್ಚುವ ಕೆಲಸ ಇವತ್ತೇ ಶುರು ಮಾಡಿ

ಕೆಜಿಎಫ್ ದಿಬ್ಬಗಳಲ್ಲಿ ಬಿಡಿ ಸಯನೈಡ್ ಎಂದೋ ಬಿಸಿಲಿಗೆ ಗಾಳಿಗೆ ಒಡೆದುಹೋಗಿರುವಂಥದ್ದು. ಈಗ ಅಲ್ಲಿ ಜನರನ್ನು ಕಾಡುವುದು ಹೊದಿಕೆ ಇಲ್ಲದ ನುಣುಪು ಧೂಳು, ಅದರಲ್ಲಿನ ಸಿಲಿಕಾ. ಗಣಿ ಮುಚ್ಚಿದ ಮೇಲೆ ಹೊದಿಕೆ ಹಾಕಲು ಯಾರ ಕೈಯಲ್ಲೂ ದುಡ್ಡು ಇರುವುದಿಲ್ಲ, ಟ್ರ್ಯಾಕ್ಟರ್ ಇರುವುದಿಲ್ಲ, ಜನ ಇರುವುದಿಲ್ಲ. ಹಾಗಾಗಿ ಕಟ್ಟೆಯ ಹೊರ ಇಳಿಜಾರು ಒಂದೊಂದು ಹಂತ ಮೇಲೆ ಬಂದ ಹಾಗೆ ಅದನ್ನು ಅಲ್ಲಲ್ಲೇ ಮುಚ್ಚುತ್ತಾ ಬನ್ನಿ. ಮೊದಲು ಕಲ್ಲುಪುಡಿ ಅಥವಾ ಗಣಿಯ ಒಳ್ಳೆಯ ಬಂಡೆಚೂರಿನ ಪದರ, ಕೆಳಗಿನ ಉಪ್ಪು ಮೇಲೇರದಂತೆ. ಅದರ ಮೇಲೆ, ಗಣಿ ಶುರುವಾದಾಗ ಕೆತ್ತಿ ಕೂಡಿಟ್ಟ ಮೇಲ್ಮಣ್ಣು. ಅದರಲ್ಲಿ ಹುಲ್ಲು. ಲಾವಂಚ ಇಂಥ ನೆಲಕ್ಕೆ ಒಗ್ಗುತ್ತದೆ, ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. ಕೆಳಗೆ ಬುಡದಲ್ಲಿ ಹೊಂಗೆ. ಮೇವಿನ ಹುಲ್ಲು, ಹಣ್ಣಿನ ಗಿಡ ಬೇಡ. ಆರ್ಸೆನಿಕ್ ಇರುವ ಕಡೆ ದನ ಮೇಯಬಾರದು.

ಯಾವುದು ಬದುಕುತ್ತದೆ ಅಂತ ಪುಸ್ತಕ ಹೇಳುವುದಿಲ್ಲ. ಈ ಮುಂಗಾರಿನಲ್ಲಿ ಇಳಿಜಾರಿನ ಒಂದು ಗುಂಟೆ ಜಾಗ ಗುರುತು ಹಾಕಿ ನಾಲ್ಕು ಪಟ್ಟಿ ಮಾಡಿ. ಒಂದರಲ್ಲಿ ಬರೀ ಪುಡಿಯ ಮೇಲೆ ಹುಲ್ಲು ನೆಡಿ. ಎರಡನೆಯದರಲ್ಲಿ ಸುಣ್ಣ ಮತ್ತು ಗೊಬ್ಬರ ಬೆರೆಸಿ ನೆಡಿ. ಮೂರನೆಯದರಲ್ಲಿ ಅರ್ಧ ಅಡಿ ಮಣ್ಣು ಹಾಕಿ, ನಾಲ್ಕನೆಯದರಲ್ಲಿ ಕಲ್ಲುಪುಡಿಯ ಮೇಲೆ ಒಂದು ಅಡಿ ಮಣ್ಣು. ನೆಟ್ಟ ತಾರೀಖು, ಬಿದ್ದ ಮಳೆ, ಸತ್ತ ಬುಡಗಳ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬರುವ ಏಪ್ರಿಲ್‌ನ ಬಿಸಿಲಿನಲ್ಲೂ ಹಸಿರಾಗಿ ನಿಂತ ಪಟ್ಟಿಯ ಅಳತೆಯನ್ನೇ ಉಳಿದ ಇಳಿಜಾರಿಗೂ ಹಾಕಿ.